ಹಳೆಯ ಫೋನಿನಿಂದ ಹೊಸ ಫೋನಿಗೆ

(ಬಾನುಲಿ ಭಾಷಣ)

ಈ ಮಾತುಗಳನ್ನು ನೀವು ಕೇಳುತ್ತಿರುವ ರೇಡಿಯೋ ಯಾವ ಕಂಪನಿಯದೆಂಬುದು ನನಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಕಾಲದಿಂದಲೂ, ಕಳುಹಿಸುವವರು ಕೇಳುವವರ ಪೆಟ್ಟಿಗೆಯ ಕುಲಗೋತ್ರವನ್ನು ವಿಚಾರಿಸಿದವರಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಮರ್ಫಿ ಪೆಟ್ಟಿಗೆ ಹೋಗಿ ಫಿಲಿಪ್ಸ್ ಪೆಟ್ಟಿಗೆ ಬಂತು. ತಿರುಗಣೆ ಎಡದಿಂದ ಬಲಕ್ಕೆ ಸರಿದಿದ್ದರಿಂದ ತಂದೆಯವರ ಕೈ ಎರಡು ದಿನ ತಡವರಿಸಿತು. ಆದರೆ ವಾರ್ತೆಗಳು ಅದೇ ಹೊತ್ತಿಗೆ ಬಂದವು. ಗಮಕ ಅದೇ ದನಿಯಲ್ಲಿ ಕೇಳಿಸಿತು. ಪೆಟ್ಟಿಗೆ ಬದಲಾಯಿತೇ ಹೊರತು ಅದರಲ್ಲಿ ಬರುತ್ತಿದ್ದುದು ಬದಲಾಗಲಿಲ್ಲ.

ಕೆಲವು ತಿಂಗಳ ಹಿಂದೆ ನಾನು ನನ್ನ ಸ್ಮಾರ್ಟ್‌ಫೋನನ್ನು ಬದಲಾಯಿಸಿದಾಗ ಇಷ್ಟನ್ನೇ ನಿರೀಕ್ಷಿಸಿದ್ದೆ. ಕೈ ಎರಡು ದಿನ ತಡವರಿಸೀತು, ಮೂರನೆಯ ದಿನ ಎಲ್ಲವೂ ಹೊಂದಿಕೊಂಡೀತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಏಕೆ ಹಾಗಾಗಲಿಲ್ಲ, ದಾರಿಯಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಭಾಷಣದ ಉದ್ದೇಶ.

ಇಂದು ನಮ್ಮ ನಡುವೆ ಎರಡು ಜಾತಿಯ ಫೋನುಗಳಿವೆ. ಒಂದು, 2007ರಲ್ಲಿ ಮಾರುಕಟ್ಟೆಗೆ ಬಂದ ಐಫೋನು. ಅದರೊಳಗಿನ ವ್ಯವಸ್ಥೆಗೆ ಐಓಎಸ್ ಎಂದು ಹೆಸರು. ಇನ್ನೊಂದು, 2008ರಲ್ಲಿ ಮೊದಲು ಕಾಣಿಸಿಕೊಂಡು ಈಗ ಹತ್ತಾರು ಕಂಪನಿಗಳ ಫೋನುಗಳಲ್ಲಿ ನೆಲೆಸಿರುವ ಆಂಡ್ರಾಯ್ಡ್. ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್ ಮೊದಲಾದವು ಬಂದು ಹೋದವು. ಈ ಕಾರ್ಯಾಚರಣ ವ್ಯವಸ್ಥೆಯೆಂಬುದು ದೊಡ್ಡ ಮನೆಯ ಪಾರುಪತ್ಯಗಾರನಿದ್ದಂತೆ. ಯಾವ ವಸ್ತು ಯಾವ ಕೋಣೆಯಲ್ಲಿರಬೇಕು, ಬೀಗದ ಕೈ ಯಾರ ಬಳಿ ಇರಬೇಕು, ಬಂದವರು ಯಾವ ಬಾಗಿಲಿನಿಂದ ಒಳಬರಬೇಕು ಎಂಬುದೆಲ್ಲ ಅವನ ಅಪ್ಪಣೆ. ಒಬ್ಬ ಪಾರುಪತ್ಯಗಾರನ ಲೆಕ್ಕದ ಪುಸ್ತಕ ಇನ್ನೊಬ್ಬನಿಗೆ ಓದಲು ಬರುವುದಿಲ್ಲ. ನಾನು ಯಾವುದನ್ನು ಬಿಟ್ಟು ಯಾವುದಕ್ಕೆ ಹೋದೆನೆಂಬುದನ್ನು ಹೇಳಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಎರಡೂ ದಿಕ್ಕಿನ ಪ್ರಯಾಣಿಕರ ಕಷ್ಟ ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಕೈಯ ಕಷ್ಟ. ಆಂಡ್ರಾಯ್ಡಿನಲ್ಲಿ ಹಿಂದಿನ ಪುಟಕ್ಕೆ ಮರಳಲು ಎಲ್ಲೆಡೆಯೂ ಸಲ್ಲುವ ಒಂದು ಗುಂಡಿಯೋ ಒಂದು ಸನ್ನೆಯೋ ಇದೆ. ಐಫೋನಿನಲ್ಲಿ ಅಂಥ ಸಾಮಾನ್ಯ ಗುಂಡಿಯಿಲ್ಲ. ಒಂದೆಡೆ ಪರದೆಯ ಎಡ ಅಂಚಿನಿಂದ ಬೆರಳನ್ನು ಸರಿಸಬೇಕು, ಮತ್ತೊಂದೆಡೆ ಮೇಲ್ಮೂಲೆಯನ್ನು ಮುಟ್ಟಬೇಕು. ಹಣ ಕಳುಹಿಸುವ ಯುಪಿಐ ಆ್ಯಪು ಹಳೆಯ ಫೋನಿಗೂ ಸಿಮ್ಮಿಗೂ ಗಂಟುಹಾಕಿಕೊಂಡಿರುವುದರಿಂದ ಹೊಸ ಫೋನಿನಲ್ಲಿ ಸಂದೇಶ ಕಳುಹಿಸಿ ಮತ್ತೆ ಗುರುತು ಹೇಳಿಕೊಳ್ಳಬೇಕು. ಒಂದು ಅಂಗಡಿಯಲ್ಲಿ ಕೊಂಡ ಆ್ಯಪು ಇನ್ನೊಂದರಲ್ಲಿ ನಡೆಯದು. ಇವು ಕಿರಿಕಿರಿಗಳೇ ಹೊರತು ನಷ್ಟಗಳಲ್ಲ, ವಾರದೊಳಗೆ ಮರೆತುಹೋಗುತ್ತವೆ.

ಎರಡನೆಯದು ಕನ್ನಡದ ಕಷ್ಟ. ಇದು ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರಿಗೆ ಅರ್ಥವಾಗುವಂಥದಲ್ಲ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವೂ ಒಪ್ಪಿದ ಕೀಲಿಮಣೆಯ ವಿನ್ಯಾಸವೊಂದಿದೆ. ಕೆ ಒತ್ತಿದರೆ ಕ, ದೊಡ್ಡ ಕೆ ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಎಂಬ ನಾಲ್ಕು ತಟ್ಟುಗಳು ಸಾಕು. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾಗಿರಲೆಂದು ಮಾಡಿದ ಇನ್‌ಸ್ಕ್ರಿಪ್ಟ್ ಎಂಬುದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡವನ್ನು ಪಡೆಯುವ ಕ್ರಮ ಮೂರನೆಯದು. ಐಫೋನಿಗೆ ತನ್ನದೇ ಆದ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಅದರಲ್ಲಿ ಕನ್ನಡ ಬರೆಯುವವರು ಬೇರೆಯವರು ಮಾಡಿದ ಕೀಲಿಮಣೆಗಳನ್ನು ಆಶ್ರಯಿಸಬೇಕಾಗಿತ್ತು. ಹತ್ತು ವರ್ಷ ಒಂದು ವಿನ್ಯಾಸಕ್ಕೆ ಒಗ್ಗಿದ ಬೆರಳು ಇನ್ನೊಂದನ್ನು ಕಂಡಾಗ, ಎಡಗೈಯಲ್ಲಿ ರಂಗೋಲಿ ಇಡಹೊರಟವರ ಪಾಡಾಗುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. ಕನ್ನಡ ಬರವಣಿಗೆಯಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿವೆಯೆಂದರೆ ನೀವು ನಗಬಹುದು. ‘ಕಾರ್ಯ’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಬಲಕ್ಕೆ ಹೋಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರವು ಪೂರ್ಣವಾಗಿ ನಿಂತು ಯಕಾರ ಕೆಳಗೆ ಇಳಿಯುತ್ತದೆ. ಈ ವ್ಯತ್ಯಾಸವನ್ನು ಯಂತ್ರಕ್ಕೆ ತಿಳಿಸಲು ನಡುವೆ ಒಂದು ಅದೃಶ್ಯ ಚಿಹ್ನೆಯನ್ನು ಇಡಬೇಕು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಬೇಕಾದರೂ ಅಂಥದೇ ಇನ್ನೊಂದು ಚಿಹ್ನೆ ಬೇಕು. ಇಲ್ಲವಾದರೆ ಜಕಾರಕ್ಕೆ ಕಕಾರ ಒತ್ತಾಗಿ ಕೂಡುತ್ತದೆ. ಹಳೆಯ ಕೀಲಿಮಣೆಯಲ್ಲಿ ಈ ಚಿಹ್ನೆ ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು. ಹೊಸದರಲ್ಲಿ ಹುಡುಕಿ ಸಾಕಾಯಿತು. ಒಂದೇ ಹೆಸರನ್ನು ಚಿಹ್ನೆಯೊಡನೆ ಒಮ್ಮೆ, ಚಿಹ್ನೆಯಿಲ್ಲದೆ ಒಮ್ಮೆ ಬರೆದರೆ ಯಂತ್ರದ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಅಕ್ಷರಮಾಲೆಗಳು.

ಇಷ್ಟಾದರೂ ಒಂದು ಸಂತೋಷದ ಸಂಗತಿಯನ್ನು ಹೇಳಲೇಬೇಕು. ಹಳೆಯ ಫೋನಿನಲ್ಲಿ ನಾನು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದ ಹೆಸರುಗಳು, ಟಿಪ್ಪಣಿಗಳು ಒಂದಕ್ಷರವೂ ಕೆಡದೆ ಹೊಸದಕ್ಕೆ ಬಂದವು. ಇದು ಹಿಂದೆ ಹೀಗಿರಲಿಲ್ಲ. ಕಂಪ್ಯೂಟರಿನ ಮೊದಲ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು. ಆ ಕಾಲದ ನನ್ನ ಎಷ್ಟೋ ಬರಹಗಳು ಇಂದು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಯುನಿಕೋಡ್ ಎಂಬ ಸರ್ವಸಾಮಾನ್ಯ ಶಿಷ್ಟತೆ 1991ರಲ್ಲಿ ಹೊರಬಂದಾಗ ಅದರಲ್ಲಿ ಕನ್ನಡಕ್ಕೆಂದು 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟರು. ಅಕಾರದ ಮನೆ 3205, ಕಕಾರದ್ದು 3221. ಈ ಮನೆಗಳ ಸಂಖ್ಯೆ ಆಂಡ್ರಾಯ್ಡಿಗೂ ಒಂದೇ, ಐಫೋನಿಗೂ ಒಂದೇ. ನಾನು ‘ಉಂಡ್ಯಾ’ ಎಂದು ಬರೆದರೆ ಫೋನಿನೊಳಗೆ ನಿಲ್ಲುವುದು ಆರು ಸಂಖ್ಯೆಗಳು: 3209, 3202, 3233, 3277, 3247, 3262. ಯಾರ ಮನೆಯ ಪಾರುಪತ್ಯಗಾರನಾದರೂ ಅದನ್ನು ‘ಉಂಡ್ಯಾ’ ಎಂದೇ ಓದಬೇಕು. ರೇಡಿಯೋ ಪೆಟ್ಟಿಗೆಗಳ ನ್ಯಾಯವೇ ಇಲ್ಲಿಯೂ ನಡೆದಿದೆ.

‘ಉಂಡ್ಯಾ’ ಎಂಬ ಮಾತನ್ನೇ ಉದಾಹರಣೆಗೆ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅದು ನನ್ನ ಅಕ್ಕನ ಮಾತು. ಅಕ್ಕನನ್ನು ಕೊಟ್ಟದ್ದು ಚಾಮರಾಜನಗರದ ಸೀಮೆಯ ಉಮ್ಮತ್ತೂರಿಗೆ. ಇತಿಹಾಸವನ್ನು ಓದಿದವರಿಗೆ ಉಮ್ಮತ್ತೂರೆಂದರೆ ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸತರಲ್ಲಿ ದಂಡೆತ್ತಿ ಹೋಗಿ ಸೋಲಿಸಿದ ಗಂಗರಾಜನ ಊರು. ನನಗೆ ಅದು ಅಕ್ಕನ ಜಗಲಿ, ಹಿತ್ತಲಲ್ಲಿ ಒಣಹಾಕಿದ ಅರಿಸಿನದ ವಾಸನೆ. ಅಕ್ಕನಿಗೆ ಓದಲು ಬರುತ್ತಿತ್ತು, ಬರೆಯುವ ರೂಢಿ ತಪ್ಪಿಹೋಗಿತ್ತು. ಮೊಮ್ಮಗಳು ಫೋನಿನಲ್ಲಿ ದನಿಯ ಸಂದೇಶ ಕಳುಹಿಸುವುದನ್ನು ಹೇಳಿಕೊಟ್ಟ ಮೇಲೆ ನಾಲ್ಕು ವರ್ಷ ಆಕೆ ನನಗೆ ದನಿಯಲ್ಲೇ ಕಾಗದ ಬರೆದಳು. “ಏನ್ಲಾ, ಉಂಡ್ಯಾ?” ಎಂದೇ ಪ್ರತಿಯೊಂದರ ಆರಂಭ. ಆಮೇಲೆ ಮಳೆ, ಅರಿಸಿನದ ಧಾರಣೆ, ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು. ನಾನು ಬರವಣಿಗೆಯಲ್ಲಿ ಉತ್ತರಿಸುತ್ತಿದ್ದೆ. ಆಕೆ ನಗಲೆಂದು ಆಕೆಯ ಮಾತನ್ನೇ ಹಾಗೆ ಹಾಗೆಯೇ ಬರೆಯುತ್ತಿದ್ದೆ. ಹಳೆಯ ಕೀಲಿಮಣೆ ಮೊದಮೊದಲು ಅದನ್ನು ತಿದ್ದಲು ಬಂದು, ವರುಷಗಳು ಕಳೆದಂತೆ ಉಮ್ಮತ್ತೂರಿನ ಕನ್ನಡವನ್ನು ಕಲಿತುಕೊಂಡಿತ್ತು. ಹೊಸ ಕೀಲಿಮಣೆಗೆ ಆ ಕಲಿಕೆ ಬರಲಿಲ್ಲ. ‘ಉಂಡ್ಯಾ’ ಎಂದರೆ ಅದು ‘ಉಂಡೆ’ ಎಂದು ತಿದ್ದಿತು.

ತಿದ್ದಿದರೆ ತಿದ್ದಲಿ, ಅಕ್ಕನಿಗೆ ಬರೆಯಬೇಕಾದ ಅಗತ್ಯ ಈಗಿಲ್ಲ. ಆಕೆ ಕಳೆದ ವರ್ಷ ತೀರಿಕೊಂಡಳು. ನನಗೆ ಉಳಿದದ್ದು ಫೋನಿನೊಳಗಿದ್ದ ಆಕೆಯ 200ಕ್ಕೂ ಹೆಚ್ಚು ದನಿಗಳು. ಹೊಸ ಫೋನನ್ನು ತೆರೆದು, ಹೆಸರುಗಳೆಲ್ಲ ಬಂದವೆಂದು ಹಿಗ್ಗಿ, ಅಕ್ಕನ ಹೆಸರನ್ನು ಮುಟ್ಟಿದೆ. ಒಳಗೆ ಏನೂ ಇರಲಿಲ್ಲ.

ಏಕೆ ಇರಲಿಲ್ಲವೆಂಬುದನ್ನು ಆಮೇಲೆ ತಿಳಿದುಕೊಂಡೆ. ವಾಟ್ಸ್‌ಆ್ಯಪ್ ಸಂದೇಶಗಳ ಬ್ಯಾಕಪ್ ಆಂಡ್ರಾಯ್ಡ್ ಫೋನಿನಲ್ಲಾದರೆ ಗೂಗಲ್ಲಿನ ಉಗ್ರಾಣಕ್ಕೆ ಹೋಗುತ್ತದೆ. ಐಫೋನಿನಲ್ಲಾದರೆ ಆ್ಯಪಲ್ಲಿನ ಉಗ್ರಾಣಕ್ಕೆ. ಒಂದು ಉಗ್ರಾಣದ ಮೂಟೆಯನ್ನು ಇನ್ನೊಂದು ಮನೆಯಲ್ಲಿ ಬಿಚ್ಚಲಾಗದು. ಬಹುಕಾಲ ಇವೆರಡರ ನಡುವೆ ಅಧಿಕೃತವಾದ ದಾರಿಯೇ ಇರಲಿಲ್ಲ. ಐಫೋನಿನಿಂದ ಆಂಡ್ರಾಯ್ಡಿಗೆ ಒಯ್ಯುವ ವಿಧಾನ 2021ರಲ್ಲಿ, ಆಂಡ್ರಾಯ್ಡಿನಿಂದ ಐಫೋನಿಗೆ ಒಯ್ಯುವ ವಿಧಾನ 2022ರಲ್ಲಿ ಬಂತು. ಎರಡು ಫೋನುಗಳನ್ನೂ ಎದುರುಬದುರು ಇಟ್ಟು ನೇರವಾಗಿ ಸಾಗಿಸಬೇಕು. ಈ ದಾರಿ ಬಂದ ಕಾಲದಿಂದ ಅದಕ್ಕೊಂದು ಕಟ್ಟಳೆಯಿತ್ತು: ಹೊಸ ಫೋನನ್ನು ಮೊದಲ ಬಾರಿ ಸಿದ್ಧಗೊಳಿಸುವಾಗಲೇ ಈ ಸಾಗಣೆ ಆಗಬೇಕು. ಗೃಹಪ್ರವೇಶವಾಗಿಬಿಟ್ಟರೆ ಸಾಮಾನು ಒಳಗೆ ಬಾರದು. ಮನೆಯನ್ನು ಪೂರ್ತಿ ಖಾಲಿಮಾಡಿ ಮತ್ತೆ ಮೊದಲಿನಿಂದ ಪ್ರವೇಶಿಸಬೇಕು. ನಾನು ಈ ಸೂಚನೆಯನ್ನು ಓದದೆ ಮುಂದುವರಿದಿದ್ದೆ. ಅದರಲ್ಲಿ ಯಾರನ್ನೂ ದೂರುವಂತಿಲ್ಲ, ತಪ್ಪು ನನ್ನದೇ.

ಇನ್ನೊಂದು ತಪ್ಪೂ ಆಗುವುದರಲ್ಲಿತ್ತು. ಹಳೆಯ ಫೋನನ್ನು ಅಂಗಡಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಳ್ಳುವ ಮಾತಾಗಿತ್ತು. ಅಂಗಡಿಯ ಹುಡುಗ ಮನೆಗೆ ಬಂದು ಕೈಚಾಚಿ ನಿಂತಿದ್ದ. ಅವನನ್ನು ಬರಿಗೈಯಲ್ಲಿ ಕಳುಹಿಸಿದೆ. ಮರುದಿನ ಹೊಸ ಫೋನನ್ನು ಪೂರ್ತಿ ಅಳಿಸಿ, ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆದು, ಎರಡನ್ನೂ ಮೇಜಿನ ಮೇಲೆ ಇಟ್ಟು ಕುಳಿತೆವು. ಸಾಗಣೆ ನಡುವೆ ಎರಡು ಬಾರಿ ಮುರಿದುಬಿತ್ತು. ದೀಪ ಹಚ್ಚುವ ಹೊತ್ತಿಗೆ ಮೂರನೆಯ ಪ್ರಯತ್ನ ಕೈಗೂಡಿ ಅಕ್ಕನ ದನಿ ಹೊಸ ಫೋನಿನಲ್ಲಿ ಕೇಳಿಸಿತು. ಆದರೆ ಮೊದಲ ವರ್ಷದ ದನಿಗಳು ಬರಲಿಲ್ಲ. ಅವುಗಳ ಜಾಗದಲ್ಲಿ ತಾರೀಖು ಇತ್ತು, ಗಳಿಗೆ ಇತ್ತು, ಮುಟ್ಟಿದರೆ ಮಾತಿಲ್ಲ. ಹಳೆಯ ಫೋನಿನಲ್ಲಿ ಜಾಗ ಸಾಲದೆಂಬ ಎಚ್ಚರಿಕೆ ಬಂದಾಗ, ಎಂದೋ ಒಂದು ದಿನ, ಹಳೆಯ ಕಡತಗಳನ್ನು ನಾನೇ ಅಳಿಸಿದ್ದೆ. ಮೊಮ್ಮಗಳು ಕಲಿಸಿಕೊಟ್ಟ ದಿನ ಅಕ್ಕ ಕಳುಹಿಸಿದ ಮೊತ್ತಮೊದಲ ದನಿ ಅದರಲ್ಲಿ ಹೋಯಿತು.

ಈ ಅನುಭವದಿಂದ ನನಗೆ ಹೊಳೆದದ್ದು ಇಷ್ಟು. ಎಲ್ಲರಿಗೂ ಸೇರಿದ ಶಿಷ್ಟತೆಯಲ್ಲಿ ಇಟ್ಟದ್ದು ಗಡಿ ದಾಟುತ್ತದೆ. ಒಬ್ಬರ ಬೀಗದೊಳಗೆ ಇಟ್ಟದ್ದು ಬಾಗಿಲಲ್ಲೇ ನಿಲ್ಲುತ್ತದೆ. ಬೀಗ ಹಾಕುವುದಕ್ಕೆ ಕಾರಣವಿಲ್ಲವೆಂದಲ್ಲ. ಕಳ್ಳರ ಕೈಗೆ ನಮ್ಮ ಮಾತು ಸಿಗಬಾರದೆಂಬ ಎಚ್ಚರಿಕೆಯೂ ಅದರಲ್ಲಿದೆ. ಗಿರಾಕಿ ಮನೆ ಬಿಡಬಾರದೆಂಬ ವ್ಯಾಪಾರವೂ ಇದೆ. ಟೆಲಿಫೋನ್ ಸಂಖ್ಯೆಯ ವಿಷಯದಲ್ಲಿ ನಾವು ಈ ಬೀಗವನ್ನು ತೆಗೆಸಿದ್ದೇವೆ. 2011ರ ಜನವರಿಯಿಂದ ದೇಶದಾದ್ಯಂತ, ಕಂಪನಿಯನ್ನು ಬಿಟ್ಟರೂ ಸಂಖ್ಯೆಯನ್ನು ಉಳಿಸಿಕೊಳ್ಳುವ ಹಕ್ಕು ಬಂತು. ನೆನಪುಗಳ ವಿಷಯದಲ್ಲಿ ಅಷ್ಟಾಗಿಲ್ಲ. ಯೂರೋಪಿನಲ್ಲಿ 2018ರಿಂದ ಜಾರಿಗೆ ಬಂದ ಕಾನೂನು, ವ್ಯಕ್ತಿಯು ತನ್ನ ದತ್ತಾಂಶವನ್ನು ಒಂದು ಸಂಸ್ಥೆಯಿಂದ ಪಡೆದು ಇನ್ನೊಂದಕ್ಕೆ ಒಯ್ಯುವ ಹಕ್ಕನ್ನು ಮಾನ್ಯಮಾಡಿದೆ. ನಮ್ಮ ದೇಶದ 2019ರ ಮಸೂದೆಯಲ್ಲಿಯೂ ಅಂಥ ಹಕ್ಕಿನ ಮಾತಿತ್ತು. 2023ರಲ್ಲಿ ಅದೇ ವಿಷಯಕ್ಕೆ ಕಾಯಿದೆಯಾದಾಗ ಆ ಮಾತು ಅದರಲ್ಲಿರಲಿಲ್ಲ.

ಕಾನೂನು ಬರುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಿಕೊಳ್ಳಬೇಕು. ಹೊಸ ಫೋನು ಬಂದ ದಿನ ಹಳೆಯದನ್ನು ಕೈಬಿಡಬಾರದು. ಒಂದು ತಿಂಗಳಾದರೂ ಜೊತೆಯಲ್ಲಿರಲಿ. ಸಾಗಣೆಯ ಸೂಚನೆಯನ್ನು ಮೊದಲು ಓದಿ ಆಮೇಲೆ ಗುಂಡಿ ಒತ್ತಬೇಕು. ನಿಮಗೆ ಬೇಕಾದ ದನಿ ಯಾವುದೋ ಅದನ್ನು ಸಂದೇಶದೊಳಗಿಂದ ಹೊರತೆಗೆದು ಸಾಮಾನ್ಯ ಧ್ವನಿ ಕಡತವಾಗಿ ಉಳಿಸಿ, ಹೆಸರನ್ನೂ ತಾರೀಖನ್ನೂ ಕನ್ನಡದಲ್ಲಿ ಬರೆದು, ಎರಡು ಕಡೆ ಇಡಬೇಕು. ಹೀಗೆ ಮಾಡುವುದು ಬೇಸರದ ಕೆಲಸ. ನನಗೆ ಐದು ಸಂಜೆಗಳು ಹಿಡಿದವು.

ಕಳೆದ ತಿಂಗಳು ಉಮ್ಮತ್ತೂರಿಗೆ ಹೋಗಿದ್ದಾಗ ಆ ಕಡತಗಳ ಒಂದು ಪ್ರತಿಯನ್ನು ಅಕ್ಕನ ಮೊಮ್ಮಗಳಿಗೆ ಕೊಟ್ಟು ಬಂದೆ. ಅವಳ ಫೋನು ನನ್ನ ಜಾತಿಯದಲ್ಲ. ಜಗಲಿಯ ಮೇಲೆ ಕುಳಿತು ಒಂದನ್ನು ಮುಟ್ಟಿದಳು. “ಏನ್ಲಾ, ಉಂಡ್ಯಾ?” ಎಂದು ಅಕ್ಕ ಕೇಳಿದಳು. ಒಳಗಿನಿಂದ ಭಾವನವರು ಎದ್ದು ಬಂದು, ಇನ್ನೊಮ್ಮೆ ಹಾಕು ಎಂದರು.