ಸಾಂತಾ ಕ್ಲಾಸ್‌ನ ಅಣ್ಣ

‘ಫ್ರೆಡ್ ಕ್ಲಾಸ್’ 2007ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ಕ್ರಿಸ್‌ಮಸ್ ಹಾಸ್ಯಚಿತ್ರ. ನಿರ್ದೇಶನ ಡೇವಿಡ್ ಡಾಬ್ಕಿನ್, ಚಿತ್ರಕಥೆ ಡ್ಯಾನ್ ಫೋಗಲ್‌ಮನ್. ಸಾಂತಾ ಕ್ಲಾಸ್‌ಗೆ ಒಬ್ಬ ಅಣ್ಣನಿದ್ದಿದ್ದರೆ ಆ ಅಣ್ಣನ ಪಾಡು ಏನಾಗುತ್ತಿತ್ತು ಎಂಬುದೇ ಕಥೆಯ ಬೀಜ. ಅಣ್ಣ ಫ್ರೆಡ್ ಆಗಿ ವಿನ್ಸ್ ವಾನ್, ತಮ್ಮ ನಿಕೊಲಸ್ ಅಂದರೆ ಸಾಂತಾ ಆಗಿ ಪಾಲ್ ಜಿಯಮಾಟಿ, ತಾಯಿಯಾಗಿ ಕ್ಯಾಥಿ ಬೇಟ್ಸ್ ನಟಿಸಿದ್ದಾರೆ.

ಸಾಂತಾನ ಮೂಲಪುರುಷ ಇಂದಿನ ಟರ್ಕಿಗೆ ಸೇರಿದ ಮೈರಾದಲ್ಲಿ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದ ಸಂತ ನಿಕೊಲಸ್. ಚಿತ್ರ ಈ ಚರಿತ್ರೆಯ ಗೊಡವೆಗೆ ಹೋಗುವುದಿಲ್ಲ. ಅದು ತನ್ನದೇ ಒಂದು ನಿಯಮ ಕಟ್ಟಿಕೊಳ್ಳುತ್ತದೆ: ಒಬ್ಬ ಸಂತನಾದರೆ ಅವನ ಮನೆಮಂದಿಗೂ ವಯಸ್ಸಾಗುವುದಿಲ್ಲ. ಫ್ರೆಡ್‌ಗೆ ಇದು ವರವಲ್ಲ. ‘ತಮ್ಮನನ್ನು ನೋಡಿ ಕಲಿ’ ಎಂಬ ತಾಯಿಯ ಮಾತನ್ನು ಅವನು ಶತಮಾನಗಟ್ಟಲೆ ಕೇಳಬೇಕು.

ತಮ್ಮ ಹುಟ್ಟಿದಾಗ, ಜಗತ್ತಿನಲ್ಲೇ ಒಳ್ಳೆಯ ಅಣ್ಣನಾಗುತ್ತೇನೆಂದು ಮಾತು ಕೊಟ್ಟವನು ಫ್ರೆಡ್. ಆದರೆ ಅವನ ಪ್ರೀತಿಯ ಹಕ್ಕಿ ಗೂಡು ಮಾಡಿಕೊಂಡಿದ್ದ ಮರವನ್ನೇ ನಿಕೊಲಸ್ ಕಡಿಸಿಬಿಡುತ್ತಾನೆ, ಅದೂ ಅಣ್ಣನಿಗೆ ಸಂತೋಷವಾಗಲೆಂದು. ಚಿತ್ರದ ಜಾಣ್ಮೆ ಇಲ್ಲಿದೆ. ತಮ್ಮ ಕೆಟ್ಟವನಾಗಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ತಪ್ಪೇ ಹುಡುಕಲಾಗದ ತಮ್ಮನ ಮೇಲಿನ ಸಿಟ್ಟಿಗೆ ದಾರಿಯೇ ಇಲ್ಲ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಆಸ್ತಿ ಪಾಲಿನ ಜಗಳವನ್ನು ನೆನಪಿಸುತ್ತದೆ. ಇಲ್ಲಿ ಪಾಲಾಗದೆ ಉಳಿದಿರುವುದು ತಾಯಿಯ ಮೆಚ್ಚುಗೆ.

ದೊಡ್ಡವನಾದ ಫ್ರೆಡ್ ಷಿಕಾಗೊದಲ್ಲಿ ಸಾಲ ತೀರಿಸದವರ ಸಾಮಾನು ಜಪ್ತಿ ಮಾಡುವ ಕೆಲಸದಲ್ಲಿದ್ದಾನೆ. ಜೂಜಿನ ಅಂಗಡಿ ತೆರೆಯಲು ಅವನಿಗೆ 50,000 ಡಾಲರ್ ಬೇಕು. ದಾನದ ಹೆಸರಿನಲ್ಲಿ ಹಣ ಎತ್ತಲು ಹೋಗಿ ಜೈಲು ಸೇರಿದಾಗ ಬಿಡಿಸುವವನು ತಮ್ಮನೇ. ತನ್ನ ಉಡುಗೊರೆ ಕಾರ್ಖಾನೆಯಿರುವ ಉತ್ತರ ಧ್ರುವಕ್ಕೆ ಬಂದು ದುಡಿದರೆ ಹಣ ಕೊಡುತ್ತೇನೆಂಬುದು ಅವನ ಷರತ್ತು.

ಅಲ್ಲಿ ಫ್ರೆಡ್‌ಗೆ ಸಿಗುವ ಕೆಲಸವೇ ಇಡೀ ಚಿತ್ರದ ತಿರುಳು. ಲೋಕದ ಮಕ್ಕಳ ಕಡತ ನೋಡಿ, ‘ಒಳ್ಳೆಯ ಮಗು’, ‘ತುಂಟ ಮಗು’ ಎಂದು ಮುದ್ರೆ ಒತ್ತಬೇಕು; ಉಡುಗೊರೆ ಒಳ್ಳೆಯವರಿಗಷ್ಟೇ. ಬಾಲ್ಯವಿಡೀ ‘ಕೆಟ್ಟವನು’ ಎಂಬ ಮುದ್ರೆ ಹೊತ್ತವನ ಕೈಗೇ ಈಗ ಮುದ್ರೆ ಬಂದಿದೆ. ಷಿಕಾಗೊದಲ್ಲಿ ಅವನಿಗೆ ಪರಿಚಯವಿದ್ದ ಸ್ಲ್ಯಾಮ್ ಎಂಬ ಅನಾಥ ಹುಡುಗನ ಕಡತ ಎದುರಾದಾಗ ಫ್ರೆಡ್ ತಡೆಯುತ್ತಾನೆ. ಹೊಡೆದಾಡಿದ ಹುಡುಗ ಕೆಟ್ಟವನಲ್ಲ, ಹೆದರಿದವನು ಎಂದು ಅವನಿಗೆ ಹೊಳೆಯುತ್ತದೆ. ಎಲ್ಲ ಮಕ್ಕಳಿಗೂ ‘ಒಳ್ಳೆಯವರು’ ಎಂಬ ಮುದ್ರೆ ಬೀಳುತ್ತದೆ. ಅಷ್ಟು ಉಡುಗೊರೆ ತಯಾರಿಸಲಾಗದೆ ಕಾರ್ಖಾನೆ ಕಂಗೆಡುತ್ತದೆ, ಅಣ್ಣತಮ್ಮಂದಿರು ಕೈಕೈ ಮಿಲಾಯಿಸುತ್ತಾರೆ, ಸಾಂತಾನ ಬೆನ್ನಿಗೆ ಪೆಟ್ಟಾಗುತ್ತದೆ.

ಕಾರ್ಖಾನೆಯ ದಕ್ಷತೆ ಅಳೆಯಲು ಬಂದ ಅಧಿಕಾರಿ ಕ್ಲೈಡ್ ಆಗಿ ಕೆವಿನ್ ಸ್ಪೇಸಿ ಇದ್ದಾರೆ. ಕ್ಲೈಡ್‌ನ ಕಹಿಗೂ ಬಾಲ್ಯವೇ ಕಾರಣ: ಅವನು ಕೇಳಿದ ಸೂಪರ್‌ಮ್ಯಾನ್ ಮೇಲುವಸ್ತ್ರ ಅವನಿಗೆ ಸಿಕ್ಕಿರಲಿಲ್ಲ. ಹಿಂದಿನ ವರ್ಷವಷ್ಟೇ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಚಿತ್ರದಲ್ಲಿ ಸ್ಪೇಸಿ ಸೂಪರ್‌ಮ್ಯಾನ್‌ನ ವೈರಿಯಾಗಿದ್ದರೆಂಬುದು ತಿಳಿದವರಿಗೆ ಇಲ್ಲಿ ನಗು ಹೆಚ್ಚು.

ಚಿತ್ರದ ಅತ್ಯುತ್ತಮ ಹಾಸ್ಯದೃಶ್ಯ ಖ್ಯಾತರ ಸಹೋದರರ ಸಭೆಯದು. ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ತಮ್ಮ ರೋಜರ್ ಕ್ಲಿಂಟನ್, ಸಿಲ್ವೆಸ್ಟರ್ ಸ್ಟಲೋನ್ ಅವರ ತಮ್ಮ ಫ್ರ್ಯಾಂಕ್, ಅಲೆಕ್ ಬಾಲ್ಡ್ವಿನ್ ಅವರ ತಮ್ಮ ಸ್ಟೀಫನ್ ತಾವು ತಾವಾಗಿಯೇ ಬಂದು ಫ್ರೆಡ್‌ನ ಜೊತೆ ಕೂರುತ್ತಾರೆ. ನಗುತ್ತಲೇ ನೋವು ಮುಟ್ಟಿಸುವ ದೃಶ್ಯವಿದು; ಚಿತ್ರದ ಉಳಿದ ಗದ್ದಲಕ್ಕೆ ಈ ಹದ ಸಿಕ್ಕಿಲ್ಲ. ವಿಮರ್ಶಕರೂ ಚಿತ್ರವನ್ನು ಹೆಚ್ಚು ಮೆಚ್ಚಲಿಲ್ಲ.

ಜಗಳದ ಬಳಿಕ ಷಿಕಾಗೊಗೆ ಹಿಂದಿರುಗಿದ್ದ ಫ್ರೆಡ್‌ನನ್ನು ಧ್ರುವಕ್ಕೆ ಮರಳಿ ಕರೆತರುವುದು ಅವನು ಬಿಚ್ಚದೆ ಇಟ್ಟಿದ್ದ ತಮ್ಮನ ಉಡುಗೊರೆ. ಒಳಗಿರುವುದು ಮರದ ಹಕ್ಕಿಗೂಡು. ಕ್ಲಾಸ್ ಮನೆತನದವನೇ ಉಡುಗೊರೆ ಹಂಚಬೇಕೆಂಬ ನಿಯಮದಿಂದ, ಏಳಲಾಗದ ತಮ್ಮನ ಬದಲು ಅಣ್ಣ ಗಾಡಿ ಏರುತ್ತಾನೆ. ಆ ರಾತ್ರಿ ತುಂಟರ ಪಟ್ಟಿ ಎಂಬುದೇ ಇರುವುದಿಲ್ಲ.