ಹೊಸ ಗೋಡೆಯ ಗಾರೆ ಏಕೆ ಕೆಡುತ್ತದೆ?

ಹೊಸದಾಗಿ ಗಾರೆ ಮಾಡಿದ ಗೋಡೆಯಲ್ಲಿ ಬಿರುಕು, ಉಬ್ಬುತಗ್ಗು, ಬಿಳಿ ಕಲೆ ಕಂಡಾಗ ದೂರು ಕರಣೆ ಹಿಡಿದ ಕೈಯ ಮೇಲೆ ಹೋಗುತ್ತದೆ. ಆದರೆ ಇವುಗಳಲ್ಲಿ ಬಹುಪಾಲಿನ ಮೂಲ ಹಿಂದಿರುವ ಗೋಡೆ, ಮರಳು, ನೀರು ಮತ್ತು ಹೊತ್ತಿನಲ್ಲಿದೆ. ಆನೇಕಲ್ ತಾಲ್ಲೂಕಿನ ಚಂದಾಪುರ, ಅತ್ತಿಬೆಲೆ, ಜಿಗಣಿಗಳ ಸುತ್ತ ಕಾಂಪೌಂಡನ್ನೋ ಮಹಡಿಯ ಮೇಲಿನ ಕೋಣೆಯನ್ನೋ ತಾವೇ ಗಾರೆ ಮಾಡಿಕೊಳ್ಳುವವರ ಕೈಗೆ ಸಿಗುವುದು ಸಾಮಾನ್ಯವಾಗಿ ಕಾಂಕ್ರೀಟ್ ಬ್ಲಾಕು ಮತ್ತು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಇವೆರಡರ ಗುಣ ತಿಳಿದಿದ್ದರೆ ರಿಪೇರಿಯ ಕೆಲಸ ಬಹಳಷ್ಟು ತಪ್ಪುತ್ತದೆ.

ಬ್ಲಾಕಿನ ಸಂದುಗಳನ್ನೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಬಂದರೆ, ಬ್ಲಾಕು ಹಸಿಯಿದ್ದಾಗಲೇ ಗೋಡೆಗೇರಿರುವ ಸಂಭವ ಹೆಚ್ಚು. ಅದು ಒಣಗುತ್ತ ಕುಗ್ಗುತ್ತದೆ, ಮೇಲಿನ ಗಾರೆಯನ್ನೂ ಎಳೆದು ಸೀಳುತ್ತದೆ. ಇದೇ ಕಾರಣಕ್ಕೆ ಬ್ಲಾಕಿನ ಗೋಡೆಯನ್ನು ಇಟ್ಟಿಗೆ ಗೋಡೆಯಂತೆ ನೀರಿನಲ್ಲಿ ತೋಯಿಸಬಾರದು. ಮೇಲ್ಮೈ ತೇವವಾಗುವಷ್ಟು ಚಿಮುಕಿಸಿದರೆ ಸಾಕು. ಬಿರುಕು ಅಗಲವಾಗುವುದು ನಿಂತ ಮೇಲೆ ಅದನ್ನು ಬಿಡಿಸಿ ತುಂಬಬೇಕು. ಪಿಲ್ಲರ್ ಮತ್ತು ಬ್ಲಾಕು ಕೂಡುವಲ್ಲಿ ಬರುವ ನೇರ ಬಿರುಕಿಗೆ ಮದ್ದು ಗಾರೆಗೆ ಮೊದಲೇ ಬಡಿಯುವ ಕೋಳಿ ಜಾಲರಿ. ನುಣುಪಾದ ಪಿಲ್ಲರಿಗೆ ಕಚ್ಚು ಹಾಕದಿದ್ದರೆ ಅಲ್ಲಿ ಗಾರೆ ಹಿಡಿಯುವುದೂ ಇಲ್ಲ.

ಬಲೆಯಂತೆ ಹರಡುವ ಕೂದಲೆಳೆ ಬಿರುಕಿನ ಕತೆ ಬೇರೆ. ಸಿಮೆಂಟ್ ಹೆಚ್ಚಿದ್ದು, ಮರಳಿನಲ್ಲಿ ಕಲ್ಲಿನ ದೂಳು ಜಾಸ್ತಿಯಿದ್ದು, ಬಿಸಿಲುಗಾಳಿಗೆ ಬೇಗ ಒಣಗಿದರೆ ಅದು ಬರುತ್ತದೆ. ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಸುಮಾರು 12 ಮಿ.ಮೀ. ದಪ್ಪ ಸಾಕು. ಹೊರಗೋಡೆಗೆ 20 ಮಿ.ಮೀ. ಬೇಕಾದರೆ ಎರಡು ಪದರಗಳಲ್ಲಿ ಹಾಕಬೇಕು. ಕಾಂಕ್ರೀಟಿನ ಎಂ-ಸ್ಯಾಂಡಿಗಿಂತ ಗಾರೆಗೆಂದೇ ಸಿಗುವ ಪಿ-ಸ್ಯಾಂಡ್ ಒಳ್ಳೆಯದು. ಗಾಜಿನ ಬಾಟಲಿಯಲ್ಲಿ ಮರಳು, ನೀರು ಹಾಕಿ ಕುಲುಕಿ ಕೆಲವು ಗಂಟೆ ಬಿಟ್ಟರೆ ದೂಳಿನ ಪದರ ಮೇಲೆ ಕೂತು ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಒದ್ದೆ ಗಾರೆಯ ನೀರು ಹೀರಲೆಂದು ಒಣ ಸಿಮೆಂಟ್ ಎರಚಿ ಉಜ್ಜುವುದು. ನುಣುಪು ಆಗಲೇ ಸಿಗುತ್ತದೆ, ಆಮೇಲೆ ಮೇಲ್ಪದರ ಒಡೆಯುತ್ತದೆ.

ಉಜ್ಜುವ ಹೊತ್ತೂ ಮುಖ್ಯ. ಬೇಗ ಉಜ್ಜಿದರೆ ಸಿಮೆಂಟಿನ ನೀರು ಮೇಲೆದ್ದು ಪುಡಿಯುದುರುವ ಮುಖವಾಗುತ್ತದೆ. ತಡವಾದರೆ ಕರಣೆಯ ಗೀರು ಉಳಿಯುತ್ತದೆ. ಹೆಬ್ಬೆರಳು ಒತ್ತಿದಾಗ ಸಣ್ಣ ಗುರುತು ಬಿದ್ದು ಗಾರೆ ಅಂಟದಿದ್ದರೆ ಅದೇ ಸರಿಯಾದ ಸಮಯ. ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಕಲಸಿ ಬಳಸಿದರೂ ಪುಡಿ ತಪ್ಪದು. ಉಬ್ಬುತಗ್ಗನ್ನು ಸಂಜೆ ಗೋಡೆಯ ಪಕ್ಕದಿಂದ ಟಾರ್ಚ್ ಬಿಟ್ಟು ಹುಡುಕಬಹುದು.

ಬಿಳಿ ಕಲೆಯಾಗಿ ಕಾಣುವ ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಒಳಗಿಳಿದು ಮತ್ತೆ ಬರುತ್ತದೆ. ಅದು ಮರುಕಳಿಸಿದರೆ ಸೋರುವ ಪೈಪು, ನೆಲದ ತೇವ, ಕಲಸಲು ಬಳಸಿದ ಬೋರ್‌ವೆಲ್ ನೀರು ಇವನ್ನು ಪರೀಕ್ಷಿಸಬೇಕು.

ಗಾರೆಗೆ ಕನಿಷ್ಠ ಏಳು ದಿನ ನೀರುಣಿಸಿ, ಪೂರ್ತಿ ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಜಾಗವನ್ನು ಚೌಕವಾಗಿ ಕತ್ತರಿಸಿ ತೆಗೆದು, ಗೋಡೆ ತೇವ ಮಾಡಿ, ಸಿಮೆಂಟ್ ಹಾಲು ಬಳಿದು ಹೊಸ ಗಾರೆ ತುಂಬಬೇಕು. ಅಲ್ಲಿ ಪುಟ್ಟಿ ಹಚ್ಚಿ ಮುಚ್ಚಿದರೆ ಗಾರೆಯ ಜೊತೆಗೆ ಪುಟ್ಟಿ, ಬಣ್ಣವೂ ಬಿದ್ದುಹೋಗುತ್ತವೆ.