ತಾರಾಪುರದ ಕೊಳಕ್ಕೆ ಕಾವಲುಗಣ್ಣು

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಸಿಸಿಟಿವಿ ಹಾಕಿಸಿದ ಅಂಗಡಿಗಳಿಗೇನು ಕಡಿಮೆಯಿಲ್ಲ. ಕ್ಯಾಮೆರಾ ಮಾಲೀಕರದು, ಚಿತ್ರವೂ ಅವರದೇ. ಅಳಿಸಿದರೆ ಕೇಳುವವರಿಲ್ಲ. ಅಣುಸ್ಥಾವರದ ಕಾವಲು ಹಾಗಲ್ಲ. ಇದೇ ಮಹಾರಾಷ್ಟ್ರದ ತಾರಾಪುರದಲ್ಲಿ 1969ರಲ್ಲಿ ಶುರುವಾದ ಮೊದಲ ಎರಡು ರಿಯಾಕ್ಟರುಗಳು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟಿವೆ. ಇಂಥ ತಪಾಸಣೆಯಲ್ಲಿ ನೋಡುವವರು ಇರುವುದು ಸಂಸ್ಥೆಯ ಕೇಂದ್ರವಾದ ವಿಯೆನ್ನಾದಲ್ಲಿ, ಕ್ಯಾಮೆರಾ ಇರುವುದು ನೋಡಿಸಿಕೊಳ್ಳುವವರ ಮನೆಯಲ್ಲಿ.

ಉರಿದ ಇಂಧನದಲ್ಲಿ ಪ್ಲುಟೋನಿಯಂ ಇರುತ್ತದೆ. ಒಂದು ಬಾಂಬಿಗೆ ಸಾಕಾಗಬಹುದೆಂದು ಸಂಸ್ಥೆ ಲೆಕ್ಕ ಹಿಡಿದಿರುವ ಪ್ರಮಾಣ 8 ಕಿಲೋ. ಆ ಇಂಧನ ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಯುತ್ತದೆ. ಅದನ್ನು ಸಾಗಿಸಲು ಭಾರಿ ಪೆಟ್ಟಿಗೆ, ಕ್ರೇನು, ಗಂಟೆಗಟ್ಟಲೆ ಕೆಲಸ ಬೇಕು. ಹಾಗಾಗಿ ಕೆಲವು ನಿಮಿಷಕ್ಕೊಂದು ಚಿತ್ರ ಸಾಕು. ಮೊದಲು ಈ ಕೆಲಸಕ್ಕೆ ಜೋಡಿ ಫಿಲ್ಮ್ ಕ್ಯಾಮೆರಾಗಳಿದ್ದವು, ಒಂದು ಕೆಟ್ಟರೆ ಇನ್ನೊಂದು. 1990ರ ದಶಕದಲ್ಲಿ ಡಿಜಿಟಲ್ ಬಂತು, ಜೊತೆಗೇ ಹೊಸ ಭಯವೂ ಬಂತು: ಡಿಜಿಟಲ್ ಚಿತ್ರ ತಿದ್ದುವುದು ಸುಲಭ.

ಅದಕ್ಕೇ ಇಲ್ಲಿ ಕ್ಯಾಮೆರಾ ಸೆರೆಹಿಡಿದ ಕ್ಷಣವೇ ಚಿತ್ರಕ್ಕೆ ಗೂಢಲಿಪಿಯ ಸಹಿ ಹಾಕುತ್ತದೆ. ಒಂದು ಚುಕ್ಕೆ ಬದಲಾದರೂ ಸಹಿ ತಾಳೆಯಾಗದು. ಪೆಟ್ಟಿಗೆ ಬಿಚ್ಚಿದರೆ ಗುರುತು ಉಳಿಯುತ್ತದೆ. ಕರೆಂಟು ಹೋದರೆ ಬ್ಯಾಟರಿ ಇದೆ. ಸೆಕೆ, ತೇವ, ಸಂವೇದಕದ ಮೇಲೆ ಬಿಳಿ ಚುಕ್ಕೆ ಮೂಡಿಸುವ ವಿಕಿರಣ, ಎಲ್ಲಕ್ಕೂ ಒಡ್ಡಿ ಪರೀಕ್ಷಿಸುತ್ತಾರೆ. ಆಮೇಲೆ ಬೇರೆ ತಜ್ಞರ ಕೈಗೆ ಕೊಟ್ಟು, ಸಾಧ್ಯವಾದರೆ ಮೋಸಗೊಳಿಸಿ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಈ ಕೊನೆಯ ಪರೀಕ್ಷೆಯಲ್ಲಿದೆ. ತಯಾರಿಸಿದವರೇ ಪಾಸು ಮಾಡಿದ ಕ್ಯಾಮೆರಾವನ್ನು ಇನ್ನೊಂದು ದೇಶ ಏಕೆ ನಂಬಬೇಕು?

ನಡುವೆ ಕಣ್ಣು ಮುಚ್ಚಿದರೆ ಏನಾಗುತ್ತದೆಂದು ಇರಾನ್ ತೋರಿಸಿತು. 2022ರ ಜೂನ್‌ನಲ್ಲಿ ಅದು ಸಂಸ್ಥೆಯ 27 ಕ್ಯಾಮೆರಾಗಳನ್ನು ತೆಗೆಸಿತು. ಕಾಣದೆ ಹೋದ ದಿನಗಳ ಚಿತ್ರವನ್ನು ಯಾವ ತಂತ್ರಜ್ಞಾನವೂ ಹಿಂದಿರುಗಿ ತೆಗೆಯಲಾರದು.

ಭಾರತ ತನ್ನ ನಾಗರಿಕ, ಸೇನಾ ಅಣುಸ್ಥಾವರಗಳನ್ನು ಬೇರ್ಪಡಿಸುವ 2006ರ ಯೋಜನೆಯಲ್ಲಿ 22 ರಿಯಾಕ್ಟರುಗಳಲ್ಲಿ 14ನ್ನು ತಪಾಸಣೆಗೆ ಒಪ್ಪಿಸಿತು. ಸಂಸ್ಥೆಯೊಂದಿಗಿನ ಒಪ್ಪಂದ 2009ರ ಮೇ ತಿಂಗಳಲ್ಲಿ ಜಾರಿಯಾಯಿತು. ಇದನ್ನು ಸ್ವಾಭಿಮಾನಕ್ಕೆ ಬಿದ್ದ ಪೆಟ್ಟೆಂದು ನೋಡಬೇಕಿಲ್ಲ. ತಪಾಸಣೆ ಇರುವ ಕಡೆ ಹೊರದೇಶದ ಯುರೇನಿಯಂ ಬರುತ್ತದೆ, ರಾಜಸ್ಥಾನ, ಕಾಕ್ರಾಪಾರದ ರಿಯಾಕ್ಟರುಗಳು ಅದರಿಂದ ನಡೆದಿವೆ. ಕಾಳಿ ನದಿಯ ದಡದ ನಮ್ಮ ಕೈಗಾದ ನಾಲ್ಕೂ ಘಟಕಗಳು ಆ 14ರ ಪಟ್ಟಿಯಲ್ಲಿಲ್ಲ, ಅವಕ್ಕೆ ದೇಶದಲ್ಲೇ ಅಗೆದ ಯುರೇನಿಯಂ ಮಾತ್ರ.